ಎರಡನೇ ಸಲದ ‘ತಗೊಳ್ಳಿ’

ನನ್ನ ಕ್ಲಾಸು ಈಗ ಸ್ಫೂರ್ತಿಯ ಕೈಗೆ ಹೋಗಿದೆ. ಮೈಸೂರಿನ ಹುಡುಗಿ. ಗಂಡ ಕರ್ಕ್‌ಲ್ಯಾಂಡಿನ ಒಂದು ಕಂಪನಿಯಲ್ಲಿದ್ದಾನೆ. ಇವಳಿಗೆ ಇಲ್ಲಿ ಅಮೆರಿಕದಲ್ಲಿ ಕೆಲಸ ಮಾಡುವ ಪರವಾನಗಿ ಮೊನ್ನೆ ಮೊನ್ನೆ ಬಂದದ್ದು. ಬಂದ ಕೂಡಲೇ ಈಸ್ಟ್‌ಗೇಟಿನ ಸಮುದಾಯ ಕೇಂದ್ರದಲ್ಲಿ, ಚೀನಾದಿಂದ ಬಂದ ದೊಡ್ಡ ವಯಸ್ಸಿನವರಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ. ನಾನು ಮೊಣಕಾಲು ನೋವೆಂದು ಹೇಳಿ ಬಿಟ್ಟು ಬಂದ ಕೆಲಸ ಅದು. ಹೋದ ವಾರ ಅವಳು ನಮ್ಮ ಮನೆಗೆ ಬಂದಿದ್ದಳು.

“ಆಂಟಿ, ಮೊದಲ್ನೇ ದಿನ ಹೋಗಿ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ನೀವು ಇಷ್ಟು ವರ್ಷ ಮಾಡಿದೀರಲ್ಲ, ಸ್ವಲ್ಪ ಬರ್ದು ಕೊಡ್ತೀರಾ? ಲೆಸನ್ ಪ್ಲಾನ್ ಥರ.”

“ಪ್ಲ್ಯಾನು ಗೀನು ಏನೂ ಇಲ್ಲವಾ ನನ್ನ ಕಡೆ. ನೆನಪಿದ್ದಷ್ಟು ಬರದು ಕೊಡ್ತೇನಿ,” ಎಂದೆ.

ಹೋಗುವಾಗ ಬಾಗಿಲ ಬಳಿ ಬಗ್ಗಿ ಬೂಟು ಹಾಕಿಕೊಳ್ಳುತ್ತ, “ಮುಂದಿನ ವಾರ ಶನಿವಾರ ನಮ್ಮನೆಗೆ ಊಟಕ್ಕೆ ಬನ್ನಿ ಆಂಟಿ,” ಎಂದಳು. “ಬ್ಯಾಡವಾ, ನಿನಗ್ಯಾಕ ತ್ರಾಸು,” ಎಂದೆ. “ಸರಿ ಆಂಟಿ, ಇನ್ಯಾವಾಗ್ಲಾದ್ರೂ,” ಎಂದು ಹೊರಟುಹೋದಳು. ಅವಳ ಕಾರಿನ ಸದ್ದು ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದು, ಒಳಗೆ ಬಂದು, ಅವಳಿಗೂ ಅವಳ ನಂತರ ಬರುವವರಿಗೂ ಆಗಲಿ ಎಂದು ಬರೆಯಲು ಕುಳಿತೆ.

ನಿವೃತ್ತರಾದವರು ಬರೆಯುವಾಗ ಬಡ್ತಿ, ಬಹುಮಾನ, ಸನ್ಮಾನಗಳಿಂದ ಶುರುಮಾಡುವುದುಂಟು. ನನಗೆ ಆ ತಾಪತ್ರಯವಿಲ್ಲ. ಬಡ್ತಿ ಕೊಡಬೇಕೆಂದರೂ ಅಲ್ಲಿ ಮೇಲೊಂದು ಕುರ್ಚಿಯೇ ಇರಲಿಲ್ಲ. ಹೆದ್ದಾರಿಗೆ ಬೆನ್ನು ಮಾಡಿ ನಿಂತ ಒಂದು ಕಟ್ಟಡ, ಅದರಲ್ಲೊಂದು ಕೋಣೆ. ನಮಗಿಂತ ಮೊದಲು ಅಲ್ಲಿ ಯೋಗದವರು ಮಲಗಿ ಎದ್ದು ಹೋಗುತ್ತಿದ್ದರು. ನಾನು ಹೋಗಿ ಮಡಚಿಟ್ಟ ಕುರ್ಚಿಗಳನ್ನು ಬಿಡಿಸಿ ಹಾಕಬೇಕು. ಲಾರಿಗಳು ಹೋದಾಗಲೆಲ್ಲ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು. ಧಾರವಾಡದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು, ನಮ್ಮವರ ನೌಕರಿಯ ಬೆನ್ನು ಹತ್ತಿ ಈ ದೇಶಕ್ಕೆ ಬಂದೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಕೂತು ಕೂತು ಬೇಸತ್ತು ಈ ಕೆಲಸ ಹಿಡಿದೆ.

ಬರುತ್ತಿದ್ದವರು ಹೆಚ್ಚಾಗಿ ಬೆಲ್ವ್ಯೂದಲ್ಲಿ ಕೆಲಸ ಮಾಡುವ ಎಂಜಿನಿಯರುಗಳ ತಂದೆ ತಾಯಿಯರು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು. ಮೊಮ್ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಇವರ ಶಾಲೆ. ಒಬ್ಬೊಬ್ಬರ ಚೀಲದಲ್ಲೂ ಬಿಸಿನೀರಿನ ಥರ್ಮಾಸು. ಹೆಸರು ಹಿಡಿದು ಕರೆಯಿರಿ ಎಂದು ನಮ್ಮ ಕೇಂದ್ರದ ಮೇಲ್ವಿಚಾರಕಿ ಲಿಂಡಾ ಎಷ್ಟು ಹೇಳಿದರೂ ಅವರು ನನ್ನನ್ನು ಕರೆದದ್ದು ‘ಟೀಚರ್’ ಎಂದೇ. ಬಾಗಿಲಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನನಗೆ ಮತ್ತೆ ಧಾರವಾಡಕ್ಕೇ ಬಂದಂತಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಪಾಠದ ವಿಷಯ. ಇಂಗ್ಲಿಷಿನ ಯಾವ ಕ್ರಿಯಾಪದದಿಂದ ಬೇಕಾದರೂ ಶುರುಮಾಡಿ, ‘ಟೇಕ್’ ಬಂದಾಗ ಮಾತ್ರ ಟೊಂಕ ಕಟ್ಟಿ ನಿಲ್ಲಿ. ನಿಘಂಟು ತೆರೆದರೆ ಅದರ ಅರ್ಥಗಳು ಪುಟಗಟ್ಟಲೆ. ಮೊದಲ ವರ್ಷ ನಾನು ಮಾಡಿದ ಶತದಡ್ಡತನವೆಂದರೆ ಆ ಪುಟಗಳನ್ನೆಲ್ಲ ಬೋರ್ಡಿನ ಮೇಲೆ ಇಳಿಸಿದ್ದು. ಇಡೀ ಬೋರ್ಡು ತುಂಬಿಸಿ, ಕೈ ಕೊಡವಿ, “ತಿಳಿಯಿತೇ?” ಎಂದೆ. ಎಲ್ಲರೂ ಗೋಣು ಹಾಕಿದರು. ನಾನು ಖುಷಿಯಿಂದ ಮನೆಗೆ ಹೋದೆ. ಮುಂದಿನ ಕ್ಲಾಸಿನಲ್ಲಿ ಕೇಳಿದರೆ ಒಬ್ಬರಿಗೂ ಒಂದೂ ಬಾರದು. ತಿಳಿಯಲಿಲ್ಲ ಎಂದು ಹೇಳಿದರೆ ಕಲಿಸಿದವರಿಗೆ ಅವಮಾನ ಮಾಡಿದಂತೆ ಎಂದು ಅವರ ಭಾವನೆ. ನಾನೂ ಹೀಗೆಯೇ ಗೋಣು ಹಾಕಿ ಹಾಕಿ ಗಣಿತದಲ್ಲಿ ಪಾಸಾದವಳು, ನನಗಾದರೂ ಹೊಳೆಯಬೇಕಿತ್ತು. ಅಂದಿನಿಂದ “ತಿಳಿಯಿತೇ?” ಎಂದು ಕೇಳುವುದನ್ನೇ ಬಿಟ್ಟೆ. ನೀವೂ ಕೇಳಬೇಡಿ.

ಅವರ ಕಷ್ಟ ಏನೆಂದರೆ, ಇಂಗ್ಲಿಷಿನವರು ಒಂದೇ ‘ಟೇಕ್’ನಿಂದ ಮುಗಿಸುವ ಕೆಲಸಗಳಿಗೆ ಚೀನೀ ಭಾಷೆಯಲ್ಲಿ ಬೇರೆ ಬೇರೆ ಮಾತು. ಅವರು ಬಸ್ಸನ್ನು ಕೂರುತ್ತಾರೆ, ಔಷಧಿಯನ್ನು ತಿನ್ನುತ್ತಾರೆ, ಫೋಟೋವನ್ನು ತಟ್ಟುತ್ತಾರೆ. ಹಾಗಾಗಿ “ನಾನು ಬೆಳಿಗ್ಗೆ ಔಷಧಿ ತಿಂದು ಬಸ್ ಕೂತೆ” ಎಂಬಂಥ ಇಂಗ್ಲಿಷು. ನನ್ನ ಪುಣ್ಯಕ್ಕೆ ಕನ್ನಡ ಕೈ ಹಿಡಿಯಿತು. ನಾವು ಗುಳಿಗೆ ತಗೊಳ್ಳುತ್ತೇವೆ, ರಜೆ ತಗೊಳ್ಳುತ್ತೇವೆ, ಉಸಿರು ತಗೊಳ್ಳುತ್ತೇವೆ, ಸಂತೆಯಲ್ಲಿ ಕಾಯಿಪಲ್ಯ ತಗೊಳ್ಳುತ್ತೇವೆ. ದಸರೆಯಲ್ಲಿ ಬನ್ನಿ ಎಲೆ ಕೈಗಿಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎನ್ನುತ್ತೇವೆ. ಒಂದು ಮಾತು ಇಷ್ಟು ಭಾರ ಹೊರಬಲ್ಲದು ಎಂಬುದು ನನಗೆ ಹುಟ್ಟಿನಿಂದ ಗೊತ್ತಿತ್ತು. ಅದನ್ನು ಅವರ ಕೈಗೆ ಹೇಗೆ ದಾಟಿಸುವುದು ಎಂಬುದೇ ನನಗೆ ತಿಳಿಯದಿದ್ದದ್ದು.

ಕೊನೆಗೆ ಬೋರ್ಡು ಅಳಿಸಿ ಮೇಜಿನ ಮೇಲೆ ಸಾಮಾನು ಹರವಿದೆ. ಬಸ್ಸಿನ ಕಾರ್ಡು, ಖಾಲಿ ಗುಳಿಗೆಯ ಡಬ್ಬಿ, ಕೊಡೆ, ನಮ್ಮವರ ಹಳೆಯ ಕ್ಯಾಮೆರಾ. ಒಬ್ಬೊಬ್ಬರೂ ಎದ್ದು ಬಂದು ಒಂದೊಂದನ್ನು ಮಾಡಿ ತೋರಿಸುತ್ತ ಬಾಯಿಬಿಟ್ಟು ಹೇಳಬೇಕು. ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡಿದೆವು. ತಮ್ಮೂರಿನಲ್ಲಿ ರೈಲ್ವೆ ಅಧಿಕಾರಿಯಾಗಿದ್ದ ಒಬ್ಬ ಮುದುಕರು ಡ್ರೈವರ್ ಆದರು. ಕಾರ್ಡು ತೋರಿಸದವರನ್ನು ಮುಲಾಜಿಲ್ಲದೆ ಇಳಿಸಿಬಿಡುತ್ತಿದ್ದರು, ನನ್ನನ್ನೂ ಒಮ್ಮೆ ಇಳಿಸಿದರು. ಆ ಗದ್ದಲ ಕೇಳಿ ಲಿಂಡಾ ಬಾಗಿಲಿಂದ ಇಣುಕಿ, ನಕ್ಕು, ಬಾಗಿಲೆಳೆದುಕೊಂಡು ಹೋದಳು. ‘ಟೇಕ್’ ಅವರ ನಾಲಿಗೆಗೆ ಹತ್ತಿತು.

ಈ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದಾಗ ನಮ್ಮವರು ಹೋದರು. ಎದೆ ಹಿಡಿದಂತಾಗುತ್ತಿದೆ ಎಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವರು ತಿರುಗಿ ಬರಲಿಲ್ಲ. ನಮ್ಮ ಕನ್ನಡದವರು ಬಂದರು, ಕೆಲವು ವಾರ ಡಬ್ಬಿಯಲ್ಲಿ ಅಡುಗೆ ತಂದರು, “ಏನಾದ್ರೂ ಬೇಕಾದ್ರೆ ಕಾಲ್ ಮಾಡಿ” ಎಂದರು. “ಏನೂ ಬೇಡ” ಎಂದೆ. ಅವರು ಅದನ್ನೇ ನಿಜ ಎಂದು ತಿಳಿದು ತಮ್ಮ ತಮ್ಮ ಸಂಸಾರಕ್ಕೆ ಮರಳಿದರು. ಅವರ ತಪ್ಪಲ್ಲ. ಆದರೆ ಆಮೇಲೆ ಮನೆ ಹಾಳು ಬಾವಿಯಂತಾಯಿತು. ಶುಕ್ರವಾರ ಮಧ್ಯಾಹ್ನ ಕ್ಲಾಸು ಮುಗಿದರೆ ಮತ್ತೆ ಮಂಗಳವಾರ ಬೆಳಿಗ್ಗೆ. ನಡುವಿನ ದಿನಗಳಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಮಂಗಳವಾರ ಕ್ಲಾಸಿನಲ್ಲಿ ಮೊದಲ ಮಾತು ಆಡುವಾಗ ಗಂಟಲು ತುಕ್ಕು ಹಿಡಿದ ಚಿಲಕದಂತೆ ಕಿರುಗುಟ್ಟುತ್ತಿತ್ತು. ಪಾಪ, ಈ ವಯಸ್ಸಿನಲ್ಲೂ ಕಲಿಸಲು ಹೋಗುತ್ತಾರೆ ಎಂದು ಜನ ಅನ್ನುತ್ತಿದ್ದರು. ನಾನು ಹೋಗುತ್ತಿದ್ದದ್ದು ಮಾತಾಡಲು.

ಕಾರು ಮಾರಿಬಿಟ್ಟಿದ್ದೆ, ಹೆದ್ದಾರಿಯಲ್ಲಿ ಓಡಿಸುವ ಧೈರ್ಯ ನಮ್ಮವರ ಜೊತೆಗೇ ಹೋಗಿತ್ತು. ಕ್ಲಾಸು ಮುಗಿದ ಮೇಲೆ ಬಸ್ಸಿಗೆ ಕಾಯುವ ಜಾಗದಲ್ಲಿ ನನಗೊಬ್ಬ ಜೊತೆಗಾತಿ ಸಿಕ್ಕಿದಳು. ಮಿಸೆಸ್ ಝಾವ್. ನನ್ನದೇ ವಯಸ್ಸು. ಎದುರಿಗೆ ಹಾಗೆ ಕರೆದರೂ ಮನಸ್ಸಿನಲ್ಲಿ ಝಾವ್ ಅಕ್ಕ ಎಂದೇ ಕರೆಯುತ್ತಿದ್ದೆ. ಬೆಲ್ವ್ಯೂದಲ್ಲಿ ಮಗನ ಮನೆಯಲ್ಲಿದ್ದರು. ಮೊಮ್ಮಗ ಚಿಕ್ಕವನಿದ್ದಾಗ ಅವರ ಭಾಷೆಯನ್ನೇ ಆಡುತ್ತಿದ್ದನಂತೆ, ಶಾಲೆಗೆ ಹೋಗತೊಡಗಿದ ಮೇಲೆ ಅಜ್ಜಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಅವನ ಮಾತು ತಿಳಿಯಲೆಂದು ಅವರು ನನ್ನ ಕ್ಲಾಸಿಗೆ ಬಂದವರು. ನಮ್ಮಿಬ್ಬರ ನಡುವೆ ಇದ್ದದ್ದು ಅವರು ಕಲಿತಷ್ಟು ಇಂಗ್ಲಿಷು. ಅದು ಸಾಕಾಗುತ್ತಿತ್ತು. ಇಲ್ಲಿ ಅವರ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಝಾವ್ ಅಕ್ಕ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅರ್ಧ ನನ್ನತ್ತ ಚಾಚಿ “ಟೀಚರ್, ತಗೊಳ್ಳಿ” ಎನ್ನುತ್ತಿದ್ದರು. ನಾನು “ಬೇಡ, ನೀವು ತಿನ್ನಿ” ಎನ್ನುತ್ತಿದ್ದೆ. ಅವರು ಮತ್ತೆ “ತಗೊಳ್ಳಿ” ಎನ್ನುವರು. ನಾನು ಮತ್ತೆ ಬೇಡ ಎನ್ನುವೆ. ಮೂರನೆಯ ಸಲ ಅವರು ಮಾತಾಡದೆ ನನ್ನ ಕೈ ಹಿಡಿದು, ಹಣ್ಣನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿಬಿಡುತ್ತಿದ್ದರು. ನಾನು “ಛೇ, ಎಂಥವರು ನೀವು” ಎನ್ನುತ್ತ ತಿನ್ನುತ್ತಿದ್ದೆ. ಧಾರವಾಡದಲ್ಲಿ ಯಾರ ಮನೆಗೆ ಹೋದರೂ ಇದೇ ನಡೆ ಅಲ್ಲವೇ? “ಬ್ಯಾಡ್ರೀ, ಈಗರೇ ಚಹಾ ಕುಡದ ಬಂದೇನಿ” ಎಂದು ನಾವು ಹೇಳಬೇಕು, ಅವರು ಒಲೆ ಹಚ್ಚಬೇಕು. ಕೇಳಿದ ಕೂಡಲೇ ಹೂಂ ಎಂದರೆ ಹೊಟ್ಟೆಬಾಕ ಎನ್ನುತ್ತಾರೆ. ಅವರ ಊರಿನಲ್ಲೂ ಹಾಗೆಯೇ ಅಂತೆ. ಆ ಬೆಂಚಿನ ಮೇಲೆ ನಮಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಇಡೀ ವಾರದಲ್ಲಿ ನನ್ನ ಕೈ ಮುಟ್ಟುತ್ತಿದ್ದ ಮನುಷ್ಯರು ಅವರೊಬ್ಬರೇ.

ಅಷ್ಟರಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಒಂದು ಹಬ್ಬಕ್ಕೆ ಶೇಂಗಾ ಹೋಳಿಗೆ ಮಾಡಿ ಕೇಂದ್ರಕ್ಕೆ ಒಯ್ದಿದ್ದೆ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅಮೆರಿಕದ ಹುಡುಗನೊಬ್ಬನಿಗೆ ಕೊಡಲು ಹೋದೆ. “ಬೇಡ, ಥ್ಯಾಂಕ್ಸ್” ಎಂದ. ನಾಚಿಕೊಳ್ಳುತ್ತಿದ್ದಾನೆ ಎಂದುಕೊಂಡೆ. “ಒಂದು ತಗೋ” ಎಂದೆ. ಬೇಡ ಎಂದ. ಅರ್ಧವಾದರೂ ತಗೋ ಎಂದೆ. ಕೊನೆಗೆ, ನಮ್ಮೂರಿನ ಪಂಕ್ತಿಯಲ್ಲಿ ಬಡಿಸುವವರ ಹಾಗೆ, ಅವನ ಮುಂದಿನ ತಟ್ಟೆಗೆ ಒಂದನ್ನು ಹಾಕಿಯೇಬಿಟ್ಟೆ. ಹುಡುಗ ಬಿಳಿಚಿಕೊಂಡ. ಅವನಿಗೆ ಶೇಂಗಾ ಆಗಿಬರುವುದಿಲ್ಲ, ತಿಂದರೆ ಉಸಿರೇ ಕಟ್ಟುತ್ತದೆ ಎಂದು ಆಮೇಲೆ ತಿಳಿಯಿತು.

ಲಿಂಡಾ ನನ್ನನ್ನು ತನ್ನ ಕೋಣೆಗೆ ಕರೆದಳು. ಒಳ್ಳೆಯ ಹೆಂಗಸು, ದನಿ ಎತ್ತುವವಳಲ್ಲ. “ಸುಮಂಗಲಾ, ನಿನ್ನ ಮನಸ್ಸು ನನಗೆ ಗೊತ್ತು. ಆದರೆ ಇಲ್ಲಿ ಒಬ್ಬರು ಬೇಡ ಎಂದರೆ ಬೇಡ ಎಂದೇ ಅರ್ಥ. ಮತ್ತೆ ಕೇಳಿದರೆ ಅವರ ಮಾತಿಗೆ ನೀನು ಬೆಲೆ ಕೊಡಲಿಲ್ಲ ಎಂದಾಗುತ್ತದೆ,” ಎಂದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೊರಗೆ ಬಂದವಳು ಉಳಿದ ಹೋಳಿಗೆಯನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಒಯ್ದೆ. ಒಬ್ಬಳೇ ಎಷ್ಟು ತಿನ್ನಲಾದೀತು?

ಇದಾದ ಕೆಲವೇ ದಿನಗಳಿಗೆ ಝಾವ್ ಅಕ್ಕ ತೊಯ್ದು ತೊಪ್ಪೆಯಾಗಿ ಕ್ಲಾಸಿಗೆ ಬಂದರು. ಸಿಟ್ಟಿನಲ್ಲಿದ್ದರು. ದಾರಿಯಲ್ಲಿ ಪಕ್ಕದ ಮನೆಯ ಹೆಂಗಸು ಕಾರು ನಿಲ್ಲಿಸಿ, ಬಿಡಲೇ ಎಂದು ಕೇಳಿದಳಂತೆ. ಇವರು ಮರ್ಯಾದೆಗೆ ಬೇಡ ಎಂದರಂತೆ. ಅವಳು ಕೈ ಬೀಸಿ ಹೊರಟೇಬಿಟ್ಟಳಂತೆ. “ನಾನು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟಿದ್ದೆ, ಟೀಚರ್. ಎರಡನೇ ಸಲ ಕೇಳಲೇ ಇಲ್ಲ! ನಾನು ಅವರಿಗೆ ಏನು ಮಾಡಿದ್ದೆ?” ಇಡೀ ಕ್ಲಾಸು ಅಯ್ಯೋ ಎಂದಿತು. ಒಬ್ಬೊಬ್ಬರಿಗೂ ಇಂಥದೊಂದು ಕಥೆಯಿತ್ತು. ನನಗಂತೂ ಇನ್ನೂ ಆರದ ಹೋಳಿಗೆಯ ಕಥೆಯೇ ಇತ್ತು.

ಅಂದೇ ‘ಟೇಕ್’ ಪಾಠಕ್ಕೆ ಹೊಸ ಭಾಗ ಸೇರಿಸಿದೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆ. ಒಬ್ಬರು ಕೊಡಬೇಕು, ಒಬ್ಬರು ತಗೊಳ್ಳಬೇಕು. ಬೇಕಾದರೆ ಮೊದಲ ಸಲವೇ ಹೂಂ ಎನ್ನಿ. ಬೇಡವಾದರೆ ಬೇಡ ಎನ್ನಿ. ಎದುರಿನವರು ಬೇಡ ಎಂದರೆ ಮತ್ತೆ ಕೇಳಬೇಡಿ, ಓಕೆ ಎಂದು ಬಿಟ್ಟುಬಿಡಿ. ಅವರಿಗೆ ಇದು ಬಸ್ಸಿನ ಆಟಕ್ಕಿಂತ ಕಷ್ಟವಾಯಿತು. ರೈಲ್ವೆ ಮುದುಕರು “ಓಕೆ” ಎಂದು ಬಿಟ್ಟ ಮೇಲೂ ಕಿತ್ತಳೆಯನ್ನು ಮೆಲ್ಲಗೆ ಎದುರಿನವರ ಚೀಲಕ್ಕೆ ಇಳಿಸುತ್ತಿದ್ದರು. ನಾನು ಬೆತ್ತ ಹಿಡಿದವರಂತೆ ಗದರಿಸಿದೆ. ಝಾವ್ ಅಕ್ಕ ಮಾತ್ರ ತುಟಿ ಬಿಗಿದು ಗಮನವಿಟ್ಟು ಕಲಿತರು. ಮುಂದಿನ ವಾರ ಪಕ್ಕದ ಮನೆಯವಳು ಮತ್ತೆ ಕಾರು ನಿಲ್ಲಿಸಿದಾಗ ಅವಳ ಪ್ರಶ್ನೆ ಮುಗಿಯುವ ಮೊದಲೇ ಒಳಗೆ ಕೂತರಂತೆ. ಕ್ಲಾಸಿಗೆ ಬಂದು ಅದನ್ನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಯಿತು.

ಅಂದು ಮಧ್ಯಾಹ್ನ ಬೆಂಚಿನ ಮೇಲೆ ಝಾವ್ ಅಕ್ಕ ಕಿತ್ತಳೆ ಸುಲಿದು ಅರ್ಧ ಚಾಚಿದರು. “ಬೇಡ, ನೀವು ತಿನ್ನಿ” ಎಂದೆ, ಎಂದಿನಂತೆ. “ಓಕೆ, ಟೀಚರ್” ಎಂದು ಅವರು ಆ ಅರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಮುಖದಲ್ಲಿ ಪಾಠ ಒಪ್ಪಿಸಿದ ಮಗುವಿನ ಸಂತೋಷ. ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ರಸ್ತೆ ನೋಡುತ್ತ ಕುಳಿತೆ.

ಮುಂದಿನ ಸಲ ಮೊದಲ ಮಾತಿಗೇ ಹೂಂ ಎಂದಿದ್ದರೆ ಆಗುತ್ತಿತ್ತು, ನಿಜ. ಇಡೀ ಕ್ಲಾಸಿಗೆ ಕಲಿಸಿದವಳು ನಾನೇ. ಆದರೆ ಬಾಯಿ ಬರಲೊಲ್ಲದು. ಹುಟ್ಟಿದಾಗಿನಿಂದ ಬೇಡ ಎಂದೇ ಶುರುಮಾಡಿದ ಬಾಯಿ ಇದು. ಎರಡು ಮೂರು ಸಲ ಬೇಡ ಎಂದ ಮೇಲೆ ಟೀಚರಿಗೆ ಕಿತ್ತಳೆ ಸೇರುವುದಿಲ್ಲ ಎಂದು ಅವರು ತಿಳಿದಿರಬೇಕು. ಚಾಚುವುದನ್ನೇ ಬಿಟ್ಟರು. ಮಾತುಕತೆ ಮೊದಲಿನಂತೆಯೇ ನಡೆಯುತ್ತಿತ್ತು. ಹಣ್ಣು ಮಾತ್ರ ಅವರೊಬ್ಬರೇ ತಿನ್ನುತ್ತಿದ್ದರು, ನನಗೆ ಅದರ ವಾಸನೆ.

ಈ ನಡುವೆ ಫೋನುಗಳು ಬದಲಾದವು. ಮೊದಲು ಎಲ್ಲರ ಬಳಿ ಅಂಗೈಯಗಲದ ನಿಘಂಟಿನ ಯಂತ್ರವಿರುತ್ತಿತ್ತು. ಆಮೇಲೆ ಫೋನಿಗೆ ಚೀನೀ ಭಾಷೆಯಲ್ಲಿ ಹೇಳಿದರೆ ಅದೇ ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ಔಷಧಿ ಅಂಗಡಿಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಫೋನನ್ನು ಎದುರಿನವರ ಮುಖದ ಮುಂದೆ ಹಿಡಿದರಾಯಿತು. ಲಿಂಡಾ ನಮಗೂ ಟ್ಯಾಬ್ಲೆಟುಗಳನ್ನು ತಂದುಕೊಟ್ಟು, ಇನ್ನು ಮೇಲೆ ಅರ್ಧ ಹೊತ್ತು ಇದರಲ್ಲೇ ಕಲಿಯಲಿ ಎಂದಳು. ಕುರ್ಚಿಯ ಬಸ್ಸು ನಿಂತಿತು. ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ನಾನು ಸಾಲುಗಳ ನಡುವೆ ಸುಮ್ಮನೆ ತಿರುಗಬೇಕು. ಹೊಸಬರು ನನ್ನನ್ನು ಬೈದುಕೊಳ್ಳಬೇಡಿ, ಅದರಿಂದ ಉಪಯೋಗವಿದೆ, ಉಚ್ಚಾರ ನನಗಿಂತ ಚೆನ್ನಾಗಿದೆ. ಆದರೆ ಮಾತಾಡಲೆಂದೇ ಹೋಗುತ್ತಿದ್ದ ನನಗೆ ಆ ಕೋಣೆಯೂ ಮನೆಯಂತೆಯೇ ಮೌನವಾಯಿತು. ಒಂದು ದಿನ ಝಾವ್ ಅಕ್ಕ ಇಯರ್‌ಫೋನ್ ಕಿತ್ತಿಟ್ಟು, “ಇದು ಬೈಯುವುದಿಲ್ಲ ಟೀಚರ್, ನೀವೇ ಬೈಯಿರಿ,” ಎಂದರು. ಅಂದು ಅವರಿಗೆ ಮನಸಾರೆ ಬೈದೆ.

ಚೀನೀಯರ ಹೊಸ ವರ್ಷ ಚಳಿಗಾಲದಲ್ಲಿ ಬರುತ್ತದೆ. ಅದರ ಹಿಂದಿನ ಸಂಜೆ ಇಡೀ ಮನೆತನ ಒಟ್ಟಿಗೆ ಕೂತು ಉಣ್ಣುವುದು ಅವರಲ್ಲಿ ದೊಡ್ಡ ಕಟ್ಟಳೆ. ಹೊರಗಿನವರನ್ನು ಆ ಊಟಕ್ಕೆ ಸುಮ್ಮನೆ ಕರೆಯುವುದಿಲ್ಲ. ಅದು ನನಗೆ ಗೊತ್ತಿತ್ತು. ಆ ವರ್ಷ ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಬೆಂಚಿನ ಮೇಲೆ ಝಾವ್ ಅಕ್ಕ ನನ್ನತ್ತ ಪೂರ್ತಿ ತಿರುಗಿ ಕುಳಿತು, ಬಾಯಿಪಾಠ ಮಾಡಿಕೊಂಡು ಬಂದವರಂತೆ ಒಂದೊಂದೇ ಮಾತು ಜೋಡಿಸಿ ಕೇಳಿದರು.

“ಟೀಚರ್, ಹೊಸ ವರ್ಷದ ಹಿಂದಿನ ಸಂಜೆ ನಮ್ಮ ಮನೆಗೆ ಊಟಕ್ಕೆ ಬರುತ್ತೀರಾ? ಮಗ ಕಾರು ತರುತ್ತಾನೆ. ನಿಮಗಾಗಿ ಮಾಂಸ ಹಾಕದೆ ಮಾಡುತ್ತೇನೆ.”

ನಮ್ಮವರು ಹೋದ ಮೇಲೆ ಹಬ್ಬದ ಊಟಕ್ಕೆಂದು ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಲೇಬೇಕು ಎಂದು ಜೀವ ಹಾತೊರೆಯಿತು. ಬಾಯಿ ಹೇಳಿದ್ದು ಮಾತ್ರ, “ಬೇಡ, ಬೇಡ. ನಿಮ್ಮ ಮನೆಯವರ ಊಟ. ನಾನ್ಯಾಕೆ ನಡುವೆ? ನಿಮಗೆ ತೊಂದರೆ.”

ಝಾವ್ ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದರು. ತುಟಿ ಏನೋ ಹೇಳಲು ತೆರೆಯಿತು. ಆಮೇಲೆ ಅದನ್ನು ಮುಚ್ಚಿ, “ಓಕೆ, ಟೀಚರ್” ಎಂದರು. ಅವರ ಬಸ್ಸು ಬಂತು.

ಇಲ್ಲ, ಫೋನು ಮಾಡೇ ಮಾಡುತ್ತಾರೆ ಎಂದುಕೊಂಡೆ. ಮನೆಗೆ ಹೋಗಿ ಸೊಸೆಯ ಹತ್ತಿರ ಮಾತಾಡಿ, ನಾಳೆ ಮತ್ತೆ ಕರೆಯುತ್ತಾರೆ ಎಂದುಕೊಂಡೆ. ಆ ಸಂಜೆ ಬಂತು. ಇಳಕಲ್ ಸೀರೆಗೆ ಇಸ್ತ್ರಿ ಹೊಡೆದು ಹಾಸಿಗೆಯ ಮೇಲೆ ಹರವಿಟ್ಟಿದ್ದೆ. ಅವರ ಮನೆಯಲ್ಲಿ ಶೇಂಗಾ ನಡೆಯುತ್ತದೆ ಎಂದು ಮೊದಲೇ ಕೇಳಿ ತಿಳಿದಿದ್ದರಿಂದ ಹೋಳಿಗೆ ಮಾಡಿ ಡಬ್ಬಿ ತುಂಬಿದ್ದೆ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕುಳಿತೆ. ಹೊರಗೆ ಜಿಟಿಜಿಟಿ ಮಳೆ, ಕತ್ತಲೆ ಬೇಗ ಬಿತ್ತು. ಬೀದಿಗೆ ಕಾರು ಬಂದಾಗಲೆಲ್ಲ ಎದ್ದು ನೋಡಿದೆ. ಎಲ್ಲವೂ ಬೇರೆಯವರ ಮನೆಗೆ. ಊಟದ ಹೊತ್ತು ಮೀರಿದ ಮೇಲೆ ಡಬ್ಬಿ ತೆರೆದು ಒಂದು ಹೋಳಿಗೆ ತಿಂದೆ. ಇಷ್ಟು ವಯಸ್ಸಾದ ಮೇಲೆ ಊಟಕ್ಕೆ ಯಾರೂ ಕರೆಯಲಿಲ್ಲ ಎಂದು ಅಳುತ್ತಾರೆಯೇ? ನಾನು ಅತ್ತೆ. ಕರೆದಿದ್ದರು ಎಂಬುದೇ ಹೆಚ್ಚು ಅಳಿಸಿತು.

ಹಬ್ಬ ಕಳೆದು ಕ್ಲಾಸಿಗೆ ಬಂದಾಗ ಝಾವ್ ಅಕ್ಕ ಊಟದ ಸುದ್ದಿ ಹೇಳಿದರು. ಕೊನೆಗೆ ದನಿ ತಗ್ಗಿಸಿ, “ಟೀಚರ್, ನನಗೆ ಮತ್ತೆ ಕೇಳಬೇಕು ಅಂತ ಬಹಳ ಆಸೆಯಿತ್ತು. ಎರಡು ಸಲ ಫೋನು ಕೈಗೆ ತಗೊಂಡೆ. ಆದರೆ ನೀವು ಕಲಿಸಿದ್ದೀರಲ್ಲ, ಬೇಡ ಎಂದರೆ ಬೇಡ. ನಿಮಗೆ ಅವಮಾನ ಮಾಡಬಾರದು ಅಂತ ಬಿಟ್ಟೆ. ನಾನು ಒಳ್ಳೆಯ ವಿದ್ಯಾರ್ಥಿ ಅಲ್ಲವೇ?” ಎಂದರು.

ಕಲಿಸಿದವಳ ಜಂಬವೇ ಗೆದ್ದಿತು. “ಬಹಳ ಒಳ್ಳೆಯ ವಿದ್ಯಾರ್ಥಿ,” ಎಂದೆ. ಅವರ ಮುಖ ಅರಳಿತು. ನಾನು ಬೋರ್ಡಿನ ಕಡೆ ತಿರುಗಿ ಇಲ್ಲದ ಅಕ್ಷರಗಳನ್ನು ಅಳಿಸಿದೆ.

ಆ ವರ್ಷವೇ ಮೊಣಕಾಲು ಕೈಕೊಟ್ಟಿತು. ಬಿಡುತ್ತೇನೆ ಎಂದು ಲಿಂಡಾಳಿಗೆ ಹೇಳಿದೆ. ಅವಳು ಬೇಡ ಎನ್ನುತ್ತಾಳೇನೋ ಎಂದು ಕಾದೆ. ಅವಳು ನನ್ನ ನಿರ್ಧಾರಕ್ಕೆ ಗೌರವ ಕೊಟ್ಟಳು. ಅದೇ ಹೊತ್ತಿಗೆ ಝಾವ್ ಅಕ್ಕನ ಮಗನಿಗೆ ಟೆಕ್ಸಾಸಿನಲ್ಲಿ ಕೆಲಸವಾಯಿತು. ಇಡೀ ಮನೆ ಅಲ್ಲಿಗೆ ಹೊರಟಿತ್ತು. ನನ್ನ ಕೊನೆಯ ಕ್ಲಾಸೇ ಅವರದೂ ಕೊನೆಯ ಕ್ಲಾಸು. ಕೇಕು ಕತ್ತರಿಸಿದರು, ನಮ್ಮವರ ಕ್ಯಾಮೆರಾದಲ್ಲೇ ಫೋಟೋ ತೆಗೆದರು. ರೈಲ್ವೆ ಮುದುಕರು ಎದ್ದು ನಿಂತು ಸೆಲ್ಯೂಟು ಹೊಡೆದರು.

ಆಮೇಲೆ ನಾವಿಬ್ಬರು ಬೆಂಚಿಗೆ ಬಂದೆವು. ಇನ್ನು ಈ ಬೆಂಚಿಗೆ ನಾವು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಝಾವ್ ಅಕ್ಕ ಚೀಲ ತೆರೆದರು. ಎಷ್ಟೋ ದಿನಗಳ ಮೇಲೆ, ಸುಲಿದ ಕಿತ್ತಳೆಯ ಅರ್ಧವನ್ನು ನನ್ನತ್ತ ಚಾಚಿದರು. “ತಗೊಳ್ಳಿ.”

ಹೂಂ ಎನ್ನಬೇಕೆಂದು ಬಾಯಿ ತೆರೆದೆ. “ಬೇಡ, ನೀವು ತಿನ್ನಿ,” ಎಂದಿತು ಬಾಯಿ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸಿತು.

ಅವರು ಓಕೆ ಎನ್ನಲಿಲ್ಲ. ಕೈ ಹಿಂದಕ್ಕೂ ಹೋಗಲಿಲ್ಲ. ತಿರುವಿನಲ್ಲಿ ಅವರ ಬಸ್ಸು ಕಾಣಿಸಿತು. ಅವರು ಎದ್ದು ನಿಂತು, ಬಗ್ಗಿ, ನನ್ನ ಕೈ ಹಿಡಿದು, ಹಣ್ಣನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. “ಕ್ಲಾಸು ಮುಗಿಯಿತು. ಇನ್ನು ನೀವು ಟೀಚರ್ ಅಲ್ಲ,” ಎಂದರು. “ತಗೊಳ್ಳಿ.” ಮಡಚಿದ ನನ್ನ ಮುಷ್ಟಿಯನ್ನು ತಮ್ಮೆರಡೂ ಕೈಗಳಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸುವ ಬದಲು ತಿನ್ನಿ ತಿನ್ನಿ ಎಂದು ಸನ್ನೆ ಮಾಡಿದರು. ನಾನು ತಿನ್ನುತ್ತ ಅಳುತ್ತ ಕೂತಿದ್ದರಿಂದ ನನ್ನ ಬಸ್ಸು ತಪ್ಪಿಹೋಯಿತು.

ಸ್ಫೂರ್ತಿ, ನಿನಗೆ ಬೇಕಾದದ್ದು ಲೆಸನ್ ಪ್ಲ್ಯಾನು, ನಾನು ಏನೇನೋ ಬರೆದೆ. ಮೇಜಿನ ಮೇಲೆ ಸಾಮಾನು ಹರವುವುದನ್ನು ಬಿಡಬೇಡ. ಟ್ಯಾಬ್ಲೆಟು ಇದ್ದರೂ ವಾರಕ್ಕೊಮ್ಮೆ ಕುರ್ಚಿಗಳ ಬಸ್ಸು ಓಡಿಸು. ಬೇಡ ಎಂದವರನ್ನು ಮತ್ತೆ ಕೇಳಬಾರದು ಎಂದು ಲಿಂಡಾ ಹೇಳಿದ್ದನ್ನೂ ಕಲಿಸು, ಆ ಹುಡುಗನ ತಟ್ಟೆ ನನಗೆ ಇನ್ನೂ ನೆನಪಿದೆ. ಆದರೆ ಎದುರಿಗೆ ಕೂತವರು ಯಾರು ಎಂದು ನೋಡಿಕೊಂಡು ಕೇಳಿ ಎಂದು ನಾನು ಹೇಳಲು ಮರೆತಿದ್ದೆ. ನೀನು ಮರೆಯಬೇಡ.

ಕೊನೆಗೊಂದು ಮಾತು. ಇದು ಕ್ಲಾಸಿನದಲ್ಲ. ಹೋದ ವಾರ ಬೂಟು ಹಾಕಿಕೊಳ್ಳುತ್ತ ಶನಿವಾರ ಊಟಕ್ಕೆ ಬನ್ನಿ ಎಂದೆಯಲ್ಲ, ನಾನು ಬೇಡ ಎಂದೆ, ನೀನು ಸರಿ ಎಂದು ಹೋದೆ. ನಿನ್ನದೇನೂ ತಪ್ಪಿಲ್ಲ ಮಗಾ, ಈ ಊರು ಕಲಿಸಿದ್ದನ್ನು ನೀನೂ ಚೆನ್ನಾಗಿ ಕಲಿತಿದ್ದೀಯ. ಆದರೆ ಶನಿವಾರ ಇನ್ನೂ ಬಂದಿಲ್ಲ. ಇನ್ನೊಂದು ಸಲ ಕರಿ. ಆಗಲೂ ನಾನು ಬೇಡ ಎನ್ನುತ್ತೇನೆ, ಮತ್ತೆ ಕರಿ. ಸೀರೆಗೆ ಇಸ್ತ್ರಿ ಹೊಡೆದು ಹಾಸಿಗೆಯ ಮೇಲೆ ಇಟ್ಟಿದ್ದೇನೆ.